ಕಾವಲಿಗೆ ಹೋಗುತ್ತಿದ್ದ ಚೊಂಬು

ನಮ್ಮ ಮನೆಯ ಹಿತ್ತಾಳೆಯ ಚೊಂಬೊಂದು ಎರಡು ವರ್ಷ ಅಡುಗೆಮನೆಯ ಹೊಸಿಲು ದಾಟದೆ ಬಚ್ಚಲ ಗೋಡೆಯ ಪಕ್ಕದಲ್ಲಿ ವನವಾಸ ಅನುಭವಿಸಿತು. ಅದರ ಅಪರಾಧ ಇಷ್ಟೆ: ದಿನವೂ ಬೆಳಗ್ಗೆ ನನ್ನ ಕೈ ಹಿಡಿದು ಊರಾಚೆಯ ಕಾವಲಿಗೆ ಹೋಗಿಬರುತ್ತಿತ್ತು. ಚೊಂಬು ಹಿಡಿದು ಬಯಲ ಕಡೆ ಹೊರಟ ಗಂಡಸನ್ನು ನಮ್ಮ ಸೀಮೆಯಲ್ಲಿ ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಎದುರಾದವರು ಸಭ್ಯವಾಗಿ ತಲೆಯೆತ್ತಿ ತೆಂಗಿನ ಗೊನೆಗಳನ್ನು ಪರೀಕ್ಷಿಸುತ್ತ ಸರಿದುಹೋಗುತ್ತಾರೆ. ಮನೆಯಲ್ಲಿ ಹೊಸದಾಗಿ ಕಟ್ಟಿಸಿದ ಪಾಯಿಖಾನೆಗೆ ಒಗ್ಗದ ಹಳೇ ಕಾಲದವನೆಂದು ನನ್ನಾಕೆಯೂ ಮರುಗಿ ಸುಮ್ಮನಿದ್ದಳು. ಪೋಸ್ಟ್ ಮಾಸ್ತರನಾಗಿ ಊರಿನವರ ಗುಟ್ಟುಗಳನ್ನೆಲ್ಲ ಅಂಟಿಸಿದ ಲಕೋಟೆಯಲ್ಲೇ ಬಿಟ್ಟು ನಿವೃತ್ತನಾದವನಿಗೆ ತನ್ನದೂ ಒಂದು ಗುಟ್ಟಿರಲಿ ಎನ್ನಿಸಿದ್ದು ತಪ್ಪೆ, ನೀವೇ ಹೇಳಿ.

ನಮ್ಮ ಕಾವಲೆಂದರೆ ಸರ್ಕಾರದ ಹುಲ್ಲುಗಾವಲು. ಹೊನ್ನವಳ್ಳಿ ಕಡೆಯಿಂದ ಮುಗಿಯದಂತೆ ಬರುವ ತೆಂಗಿನ ಸಾಲುಗಳು ಅಲ್ಲಿ ಥಟ್ಟನೆ ನಿಂತು, ಹುಲ್ಲು, ಕಲ್ಲು, ಆಕಾಶ ಶುರುವಾಗುತ್ತವೆ. ಮೊಲ, ನವಿಲು, ಗೊಲ್ಲರ ಹಟ್ಟಿಯವರ ಕುರಿ; ನಡುವೆ ಒಂದು ನೀರಿನ ಕಟ್ಟೆ, ಅದರ ದಡದಲ್ಲಿ ಒಂದು ಬಂಡೆ. ಅದು ಎಲ್ಲರ ಜಾಗ. ಎಲ್ಲರಲ್ಲಿ ನಾನೂ ಒಬ್ಬನಾದ್ದರಿಂದ ಆ ಬಂಡೆ ನನ್ನದು ಎಂಬುದು ನನ್ನ ನಿರ್ದುಷ್ಟ ತರ್ಕವಾಗಿತ್ತು.

ಹೀಗಿರಲು ಬೆಂಗಳೂರಿನ ಮಹನೀಯರೊಬ್ಬರು ಕಾವಲನ್ನು ಗುತ್ತಿಗೆಗೆ ಪಡೆದು ರೆಸಾರ್ಟ್ ಕಟ್ಟಿಸಲು ಅರ್ಜಿ ಹಾಕಿದರು. ಬೇಲಿ, ಗೇಟು, ಕಟ್ಟೆಯ ಜಾಗದಲ್ಲಿ ಈಜುಕೊಳ. ಅದನ್ನೂ ಸಹಿಸುತ್ತಿದ್ದೆನೋ ಏನೋ. ಆದರೆ ಆ ಮನುಷ್ಯ ಬೂಟುಗಾಲಲ್ಲಿ ನನ್ನ ಬಂಡೆ ಹತ್ತಿ, ಸೊಂಟಕ್ಕೆ ಕೈಯಿಟ್ಟು, "ಬ್ಯೂಟಿಫುಲ್" ಎಂದುಬಿಟ್ಟ. ತೆಂಗಿನ ಮಟ್ಟೆಗೆ ಕಿಡಿ ಬಿದ್ದಂತೆ, ಉರಿಯದೆ, ಆರದೆ, ನನ್ನ ಹೊಟ್ಟೆ ಒಳಗೊಳಗೇ ಹೊಗೆಯಾಡತೊಡಗಿತು. ಆ ನೋಟವನ್ನು ನಾನಲ್ಲದೆ ಇನ್ನೊಬ್ಬ ಮೆಚ್ಚುವುದೆಂದರೇನು?

ಅಂದೇ ಕೂತು ತಕರಾರು ಅರ್ಜಿ ಬರೆದೆ. ಜೀವಸಂಕುಲ, ಮೇವಿನ ಹಕ್ಕು, ಮುಂದಿನ ಪೀಳಿಗೆ. ಒಂದೊಂದು ಮಾತೂ ಸತ್ಯ, ಶಾಯಿ ಮಾತ್ರ ಮತ್ಸರದ್ದು. ಹಟ್ಟಿಯ ಕರಿಯಮ್ಮ ಹೆಬ್ಬೆಟ್ಟು ಒತ್ತಿ, "ಬೇಲಿ ಬಿದ್ರೆ ನಮ್ ಕುರಿ ಎಲ್ಲಿಗ್ ಹೊಡ್ಕಂಡ್ ಹೋಗಾನ ಸಾಮಿ? ನೀವೇ ಗತಿ ಕಣ್ರೀ" ಎಂದಾಗ ನನಗೆ ಸ್ವಲ್ಪ ನಾಚಿಕೆಯೂ ಬಹಳ ಹೆಮ್ಮೆಯೂ ಆಯಿತು.

ತಹಶೀಲ್ದಾರರು ಸ್ಥಳ ನೋಡಲು ಬಂದರು. ಅರ್ಜಿದಾರರೆಂದು ನಾನೂ ಕರಿಯಮ್ಮನೂ ಹಾಜರಿದ್ದೆವು. ಮಹನೀಯರು ಅವರನ್ನು ನೇರವಾಗಿ ಬಂಡೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ, ಮುಳ್ಳಿನ ಗೂಡಿನೊಳಗೆ, ಸೊಂಟದೆತ್ತರದ ಒಂದು ತೆಂಗಿನ ಸಸಿ.

"ಬರೀ ಹುಲ್ಲುಗಾವಲು ಅಂತ ಅರ್ಜಿ ಕೊಟ್ಟಿದ್ದಾರೆ ಸಾರ್. ನೋಡಿ, ಆಗ್ಲೇ ತೆಂಗು ಇಟ್ಟು ಒತ್ತುವರಿ ಶುರು ಮಾಡಿದ್ದಾರೆ. ಇನ್ಯಾರು, ಇದೇ ಹಟ್ಟಿಯವ್ರು."

ಸ್ನೇಹಿತರೆ, ನಮ್ಮ ಕಡೆಯವರಿಗೆ ಒಂದು ಜಾಗ ಮನಸ್ಸಿಗೆ ಹಿಡಿಸಿದರೆ ಮಾಡಲು ತೋಚುವುದು ಒಂದೇ ಕೆಲಸ: ಗುಂಡಿ ತೋಡಿ ತೆಂಗು ನೆಡುವುದು. ಸಸಿ ಯಾರದೋ ನೆಲವೂ ಅವರದೇ ಎಂದು ಸುತ್ತಲಿನವರು ಒಪ್ಪಿಬಿಡುತ್ತಾರೆ. ಬಂಡೆಗೆ ನೆರಳಾಗಲೆಂದು ನಾನೂ ಎರಡು ವರ್ಷದ ಹಿಂದೆ ಒಂದು ಸಸಿ ಇಟ್ಟಿದ್ದೆ. ಕಟ್ಟೆಯಿಂದ ಚೊಂಬು ಚೊಂಬಾಗಿ ನೀರು ಹೊತ್ತದ್ದು ಅದಕ್ಕೇ. ಅದರ ಸುತ್ತ ಮುಳ್ಳು ಕಟ್ಟಿದವರು ಯಾರೆಂದು ಮಾತ್ರ, ಕೇಳಿದರೆ ಗುಟ್ಟು ಬಯಲಾದೀತೆಂದು, ಯಾರನ್ನೂ ಕೇಳಿರಲಿಲ್ಲ. ಬೇಲಿಯಿಲ್ಲದ ರೆಸಾರ್ಟನ್ನು ಅವನಿಗಿಂತ ಮೊದಲೇ ನಾನು ಕಟ್ಟಲು ಹೊರಟಿದ್ದೆ ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

ತಹಶೀಲ್ದಾರರು ಪೆನ್ನು ತೆಗೆದರು. ಕರಿಯಮ್ಮ ನನ್ನ ಕಡೆ ನೋಡಲೂ ಇಲ್ಲ, ಬಾಯಿ ಬಿಡಲೂ ಇಲ್ಲ.

"ಸ್ವಾಮಿ, ಸಸಿ ನನ್ನದು" ಎಂದೆ.

"ಅರ್ಜಿ ಬರೆದವರೂ ನೀವೇ ಅಲ್ವೇನ್ರೀ?"

"ಹೌದು."

"ಯಾಕಿಟ್ರಿ?"

"ನೆರಳಿಗೆ."

ಅವರು ಸಸಿಯನ್ನೂ ನನ್ನ ನರೆತ ತಲೆಯನ್ನೂ ಒಂದಕ್ಕೊಂದು ತಾಳೆ ಹಾಕಿದರು. "ಮೊದ್ಲು ಕೀಳಿ. ಆಮೇಲೆ ಬರೀತೀನಿ."

ಹೆತ್ತ ಕೂಸನ್ನು ತೊಟ್ಟಿಲಿಂದ ಎಳೆಯಲು ಹೇಳಿದಂತಾಯಿತು. ಕುಡುಗೋಲಿನಿಂದ ಮುಳ್ಳು ಸರಿಸುತ್ತ ಕರಿಯಮ್ಮನೇ ಮುಂದೆ ಬಂದಳು. "ಬೇರಿಗೆ ಮಣ್ಣು ಇಟ್ಕಂಡೇ ಎಬ್ಬಿಸಿ ಸಾಮಿ. ಎಲ್ರು ಜಾಗ್ದಾಗೆ ಒಬ್ರು ಮರ ಯಾಕೆ, ಬುಡಿ. ಹಟ್ಟಿ ಬೋರಿನ ತಾವ ಇಡ್ತೀನಿ, ಸಾಯಾಕಿಲ್ಲ."

"ನಿನಗೆ ಮೊದಲೇ ಗೊತ್ತಿತ್ತೇನಮ್ಮ?"

"ಮುಳ್ಳು ಕಟ್ಟಿದ್ದು ಇನ್ಯಾರು? ನನ್ ಕುರಿ ಬಿಟ್ಟಾವಾ? ದಿನಾ ಹತ್ತತ್ತು ಸಲ ಚೊಂಬು ತುಂಬೋರಿಗೆ ಪಾಪ ಹೊಟ್ಟೆ ಕೆಟ್ಟೈತೆ ಅಂತ ಮೊದ್ಲು ಒಂದು ತಿಂಗ್ಳು ಅನ್ಕಂಡಿದ್ದೆ."

ತಹಶೀಲ್ದಾರರು ಕೆಮ್ಮುವ ನೆಪದಲ್ಲಿ ಅತ್ತ ತಿರುಗಿದರು. ಆಮೇಲೆ, ಇಲ್ಲಿ ಹುಲ್ಲು ಮತ್ತು ಕಲ್ಲಿನ ಹೊರತು ಯಾರ ಸಾಗುವಳಿಯೂ ಇಲ್ಲವೆಂದು ಬರೆದರು. ಕೆಲವು ತಿಂಗಳಲ್ಲಿ ಮಹನೀಯರ ಅರ್ಜಿ ವಜಾ ಆಯಿತು.

ಸಸಿಯ ಸುದ್ದಿ ಮಾತ್ರ ಅದನ್ನು ಕಿತ್ತ ದಿನವೇ ನನಗಿಂತ ಮೊದಲು ಮನೆ ಸೇರಿತ್ತು. ನನ್ನಾಕೆ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ ಅಡುಗೆಮನೆಗೆ ಸೇರಿಸಿಕೊಂಡಳು; ಅದಕ್ಕೆ ಮರ್ಯಾದೆ ಬಂದ ದಿನವೇ ನನ್ನದು ಹೋಯಿತು. ಹಟ್ಟಿಯ ಬೋರಿನ ಬಳಿ ಸಸಿ ನನ್ನ ಕೈಲಿ ಎಂದೂ ಬೆಳೆಯದಷ್ಟು ಸೊಂಪಾಗಿ ಬೆಳೆಯುತ್ತಿದೆ, ನಾಚಿಕೆಯಿಲ್ಲದ್ದು. ನನ್ನ ಬಂಡೆಯ ಮೇಲೆ ಕರಿಯಮ್ಮ ಎಲೆಯಡಿಕೆ ಹಾಕಿಕೊಂಡು ಕಾಲು ಚಾಚಿರುತ್ತಾಳೆ. ಹೊಟ್ಟೆಯ ಹೊಗೆ ಪೂರಾ ಆರಿಲ್ಲ. ಅದಕ್ಕೆಂದೇ ನನ್ನಾಕೆ ಅದೇ ಚೊಂಬಿನಲ್ಲಿ ಮಜ್ಜಿಗೆ ತಂದುಕೊಡುತ್ತಾಳೆ.

ಈಗಲೂ ಬೆಳಗ್ಗೆ ಹೋಗುತ್ತೇನೆ, ಬರಿಗೈಯಲ್ಲಿ. ಬರಿಗೈಯಲ್ಲಿ ಹೊರಟವನನ್ನು ಮಾತ್ರ ಎದುರಾದವರೆಲ್ಲ ಎಲ್ಲಿಗೆಂದು ಕೇಳುತ್ತಾರೆ. ನನ್ನ ಕಾವಲಿಗೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅರ್ಧ ನುಂಗಿಕೊಂಡು, ಕಾವಲಿಗೆ, ಎನ್ನುತ್ತೇನೆ.