ಎಡಗಡೆಯ ಪುಟ

ಡ್ಯಾನ್‌ವಿಲ್‌ನಿಂದ ಭಾವನವರು ಕಳಿಸಿದ ಡಬ್ಬ ತೆರೆದ ಕೂಡಲೇ ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಅಕ್ಕನ ರೇಷ್ಮೆ ಸೀರೆಗಳು ಬಂದವು ಎಂದುಕೊಂಡೆ. ಈ ವಯಸ್ಸಿನಲ್ಲೂ ನನ್ನ ಸೀರೆಯಾಸೆ ಸತ್ತಿಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದೇಕೆ? ಬಟ್ಟೆ ಸರಿಸಿ ನೋಡಿದರೆ ಒಳಗಿದ್ದದ್ದು ಪಿಯಾನೋ ಪುಸ್ತಕಗಳು. ಸೀರೆಯ ಮಡಿಕೆಗೆ ಹಾಕುವಂತೆ ಅವುಗಳ ನಡುವೆಯೂ ಅಕ್ಕ ಗುಳಿಗೆ ಹಾಕಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಒಣಹವೆಯಲ್ಲಿ ಯಾವ ನುಸಿ ಬಂದು ಜರ್ಮನ್ ಸಂಗೀತವನ್ನು ತಿನ್ನುತ್ತದೆಂದು ಹೆದರಿದ್ದರೋ ಗೊತ್ತಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅದಕ್ಕೆ ಮೊದಲಿನ ಎರಡು ವರ್ಷ ನಾವು ಹಬ್ಬಕ್ಕೆ, ಹುಣ್ಣಿಮೆಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆವು. ಅದಕ್ಕೆ ಕಾರಣವಾದ ಪುಸ್ತಕವೂ ಆ ಡಬ್ಬದಲ್ಲೇ ಇತ್ತು.

ಇಲ್ಲಿ ನಮ್ಮವರ ಮನೆಗೆ ಪಿಯಾನೋ ಬರುವುದು ಮಕ್ಕಳ ಹೆಸರಿನಲ್ಲಿ. ಮಗು ನಾಲ್ಕು ವರ್ಷ ಬಾರಿಸುತ್ತದೆ, ಆಮೇಲೆ ಸಾಕರ್ ಆಟ, ಆಮೇಲೆ ಕಾಲೇಜು. ಪಿಯಾನೋದ ಮೇಲೆ ಒಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಗಣಪತಿ ಬಂದು ಕೂರುತ್ತವೆ. ಮಗಳು ಮೇಘಾ ಕಾಲೇಜಿಗೆ ಹೋದ ಮೇಲೆ ಅಕ್ಕ ಗಣಪತಿಯನ್ನು ದೇವರ ಗೂಡಿಗೆ ಸಾಗಿಸಿ, ಅವಳ ಪಿಯಾನೋ ಟೀಚರ ಹತ್ತಿರ ತಾವೇ ಪಾಠಕ್ಕೆ ಹೋದರು. ಹುಬ್ಬಳ್ಳಿಯಲ್ಲಿ ಅವರ ತಂದೆ ಹಾಡುಗಾರರಿಗೆ ಹಾರ್ಮೋನಿಯಂ ಸಾಥ್ ಕೊಡುತ್ತಿದ್ದವರು. ತಂದೆಗೆ ಹುಷಾರಿಲ್ಲದ ದಿನ ಮಗಳು ಹೋಗಿ ಕೂರುತ್ತಿದ್ದಳಂತೆ. ಹೀಗಾಗಿ ಬೆರಳು ಪಳಗಿದ್ದವು. ನಾನೋ, ಬೆಂಗಳೂರಿನ ಶಾಲೆಯಲ್ಲಿ ಮೂರು ಪಿಯಾನೋ ಪರೀಕ್ಷೆ ಪಾಸು ಮಾಡಿ, ಸೂಟ್‌ಕೇಸಿನ ಜೊತೆ ಆ ಜಂಬವನ್ನೂ ಇಲ್ಲಿಗೆ ಹೊತ್ತು ತಂದವಳು.

ಟೀಚರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಒಮ್ಮೆ ನಾನೂ ಅಕ್ಕನ ಜೊತೆ ಹೋಗಿದ್ದಾಗ ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ದೊಡ್ಡದೊಂದು ಪುಸ್ತಕ ತೆರೆದಿಟ್ಟರು. ರೇಡಿಯೋ, ರೆಕಾರ್ಡು ಇಲ್ಲದ ಕಾಲದಲ್ಲಿ ಊರಿಗೆ ಆರ್ಕೆಸ್ಟ್ರಾ ಬರುವುದು ವರ್ಷಕ್ಕೊಮ್ಮೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಎಂಬತ್ತು ಜನ ನುಡಿಸುವ ಸಿಂಫನಿಯನ್ನು ಒಂದು ಪಿಯಾನೋಗೆ, ನಾಲ್ಕು ಕೈಗೆ ಇಳಿಸಿ ಅಚ್ಚು ಹಾಕುತ್ತಿದ್ದರಂತೆ. ಎಡಗಡೆಯ ಪುಟ ಕೆಳಗಿನ ಸ್ವರ ನುಡಿಸುವವರದು, ಬಲಗಡೆಯದು ಮೇಲಿನವರದು. ಇದನ್ನೆಲ್ಲ ಕೇಳಿ ಅಕ್ಕ ನನ್ನ ಕಿವಿಯಲ್ಲಿ, “ಎಂಬತ್ತು ಮಂದಿ ಕೆಲಸಾ ಇಬ್ಬರು ಸೊಸೆದೇರು ಮಾಡಬೇಕು ಅಂತಾರ. ನಮಗೇನ ಹೊಸದಲ್ಲ ಬಿಡು” ಅಂದರು.

ಕೆಳಗಿನದನ್ನು ಅವರೇ ಕೇಳಿ ತೆಗೆದುಕೊಂಡರು. ಮೇಲಿನ ಪಾಲಿನಲ್ಲಿ ಹಾಡಿನಂಥ ಸ್ವರಗಳೆಲ್ಲ ಇರುತ್ತವೆ. ಕೆಳಗೆ ಧುಂ ಧುಂ, ಜೊತೆಗೆ ಪೆಡಲು ಒತ್ತುವ ಕೆಲಸ. ನಾನು ಉಪಚಾರಕ್ಕಾದರೂ ಬೇಡ ಅನ್ನಲಿಲ್ಲ. ಅವರ ಬಲಗೈ, ನನ್ನ ಎಡಗೈ ಒಂದೇ ಜಾಗಕ್ಕೆ ಬಂದು ಬಳೆಗೆ ಬಳೆ ತಾಗುತ್ತಿತ್ತು. ಹಸಿರು ಬಳೆ ಬಿಚ್ಚಲೊಲ್ಲದ ಅಕ್ಕ ಅವನ್ನು ಮೊಣಕೈಯತ್ತ ಏರಿಸಿ, ಮೇಘಾಳ ಹೇರ್‌ಬ್ಯಾಂಡು ಸುತ್ತಿ ಕೂರುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಸನ್ನಿವೇಲ್‌ನಿಂದ ಫ್ರೀವೇ ಹಿಡಿದು ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ವಾರಗಿತ್ತಿಯರು ಒಂದು ಒಲೆಯ ಮುಂದೆ ನಿಲ್ಲಲಾರರು ಅನ್ನುತ್ತಾರೆ. ನಾವು ನಾಲ್ಕು ವರ್ಷ ಒಂದು ಬೆಂಚಿನ ಮೇಲೆ ಕೂತೆವು.

ಅಕ್ಕನೊಬ್ಬರಿಗೇ ಅಂತ ಟೀಚರು ಕೊಟ್ಟ ಒಂದು ಹಾಡೂ ಇತ್ತು. ಯಾರೋ ಹಾಡಲೆಂದು ಬರೆದ ಜರ್ಮನ್ ಹಾಡನ್ನು, ಹಾಡುಗಾರರನ್ನು ತೆಗೆದುಹಾಕಿ, ಬರೀ ಪಿಯಾನೋಗೆ ಅಳವಡಿಸಿದ್ದು. ಆದರೂ ಸ್ವರಗಳ ಮೇಲೆ ಹಾಡಿನ ಮಾತುಗಳು ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದವು. “ಹಾಡೋರ ಇಲ್ಲಂದ ಮ್ಯಾಲೆ ಮಾತ್ಯಾಕ?” ಎಂದು ಅಕ್ಕ ಕೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರೋ ಅಲ್ಲಿ ನೀವೂ ತೆಗೆದುಕೊಳ್ಳಲಿ ಅಂತ, ಎಂದರು ಟೀಚರು. ಅಕ್ಕನಿಗೆ ತವರಿನ ಮಾತು ಕೇಳಿದಷ್ಟು ಸಂತೋಷವಾಯಿತು. “ನಮ್ಮಪ್ಪಾನೂ ಇದನ್ನ ಹೇಳ್ತಿದ್ದ” ಅಂದರು.

ನಾಲ್ಕನೆಯ ವರ್ಷದ ಯುಗಾದಿ ಬಂತು. ಸನ್ನಿವೇಲ್‌ನ ಒಂದು ಸಭಾಂಗಣದಲ್ಲಿ ನಮ್ಮವರ ಕಾರ್ಯಕ್ರಮ. ನಾವು ಸಿಂಫನಿಯ ನಿಧಾನದ ಭಾಗ ನುಡಿಸುವುದೆಂದು ಹೆಸರು ಕೊಟ್ಟಿದ್ದೆವು. ಅದರ ನಡುವೆ ಒಂದು ಕಡೆ ಮೇಲಿನವರು ಕೈ ತೆಗೆದು ಸುಮ್ಮನಿರಬೇಕು. ಕೆಳಗಿನವರೊಬ್ಬರೇ ಎರಡು ಸ್ವರವನ್ನು ಎದೆಬಡಿತದ ಹಾಗೆ ಆರು ಆವರ್ತನ ನುಡಿಸಬೇಕು. ಮುಗಿದ ಮೇಲೆ ಮೇಲಿನ ಹಾಡು ಮತ್ತೆ ಬರುತ್ತದೆ. ಟೀಚರು ಬಾರ್ ಅನ್ನುವುದಕ್ಕೆ ನಾವು ಆವರ್ತನ ಅನ್ನುತ್ತಿದ್ದೆವು. ಅವತ್ತು ಹಿಂದಿನ ಸಾಲುಗಳಲ್ಲಿ ಹೋಳಿಗೆಯ ಕ್ಯೂ ಆಗಲೇ ಶುರುವಾಗಿತ್ತು. ನಾನು ಮತ್ತೆ ಹಾಡು ಎತ್ತಿಕೊಂಡೆ; ಕೆಳಗಿನ ಧುಂ ಧುಂ ಮುಗ್ಗರಿಸಿತು, ನಿಂತೇಹೋಯಿತು. ಅಕ್ಕ ಎಲ್ಲಿದ್ದೇವೆಂದು ತಿಳಿಯದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ನಾನು ನಿಲ್ಲಿಸಲಿಲ್ಲ. ಪುಟದ ಕೊನೆ ಬಂದಾಗ ಅವರೇ ಕೈ ಎತ್ತಿ ನನಗಾಗಿ ಪುಟ ತಿರುವಿದರು. ಒಬ್ಬಳೇ ಮುಗಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಅಕ್ಕ ನನ್ನ ಪಾಲಿನ ಹೋಳಿಗೆ ಡಬ್ಬಿ ಹಿಡಿದು ಕಾಯುತ್ತಿದ್ದರು. ನಾನು, “ಪ್ರ್ಯಾಕ್ಟೀಸ್ ಆಗಿಲ್ಲ ಅಂದ್ರೆ ಮೊದಲೇ ಹೇಳಬೇಕಿತ್ತು ಅಕ್ಕಾ. ಅಷ್ಟು ಜನರ ಮುಂದೆ ನನ್ನೊಬ್ಬಳನ್ನೇ ಬಿಟ್ಟುಬಿಟ್ರಿ” ಅಂದೆ.

“ಹೌದವಾ, ನಂದ ತಪ್ಪು” ಅಂದರು ಅಕ್ಕ. ಡಬ್ಬಿಯನ್ನು ಕೈಗೆ ಕೊಟ್ಟರು. “ಬಿಸಿ ಇರೂದರಾಗ ತಿನ್ನು.”

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನದಕ್ಕೆ ಏನೋ ಕೆಲಸ ಹೇಳಿದೆ. ಹಳೆಯದೊಂದು ಪಿಯಾನೋ ಕೊಂಡು ಮನೆಗೆ ತಂದೆ. ಅದೇ ಸಿಂಫನಿಯನ್ನು ಒಬ್ಬರೇ ಎರಡು ಕೈಯಲ್ಲಿ ನುಡಿಸುವಂತೆ ಇಳಿಸಿದ ಪುಸ್ತಕವೂ ಸಿಗುತ್ತದೆ; ಹಟಕ್ಕೆ ಬಿದ್ದು ಅದನ್ನೂ ತರಿಸಿದೆ. ಕೆಳಗಿನ ಧುಂ ಧುಂ ಎಡಗೈಗೆ, ಹಾಡು ಬಲಗೈಯ ಕಿರುಬೆರಳಿಗೆ, ನಡುವಿನದೆಲ್ಲ ಹೆಬ್ಬೆರಳುಗಳ ಪಾಲಿಗೆ. ಅಳವಡಿಸಿದ ಪುಣ್ಯಾತ್ಮನಿಗೆ ನಾಲ್ಕು ಕೈಯಿತ್ತೆಂದು ಕಾಣುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಬಿಟ್ಟುಹೋಗುತ್ತಿತ್ತು. ಬಿಟ್ಟುಹೋದದ್ದು ಯಾವಾಗಲೂ ಕೆಳಗಿನದೇ.

ಅಕ್ಕನಿಗೆ ಕಾಯಿಲೆಯೆಂದು ಗೊತ್ತಾದ ಮೇಲೆ ನೋಡಲು ಹೋದೆ. ಬಳೆಗಳು ಮೊಣಕೈಯವರೆಗೆ ತಾವಾಗಿಯೇ ಜಾರುವಷ್ಟು ತೆಳ್ಳಗಾಗಿದ್ದರು.

“ಈಗೇನ್ ನುಡಸ್ತಿ?” ಎಂದು ಕೇಳಿದರು.

“ಅದನ್ನೇ ಅಕ್ಕಾ. ಒಬ್ಬಳೇ, ಎರಡು ಕೈಲಿ.”

“ಕೆಳಗಿಂದು ಯಾರ ಮಾಡ್ತಾರ?”

“ನಾನೇ.”

“ಛಲೋ ಆತು” ಎಂದು ನಕ್ಕರು. ಆ ಹೊತ್ತಿನಲ್ಲೂ ಗೆದ್ದೆನೆಂದು ಒಳಗೊಳಗೇ ಹಿಗ್ಗಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು.

ಈಗ ಮತ್ತೆ ಡಬ್ಬದ ವಿಷಯ. ನಾಲ್ಕು ಕೈಯ ಪುಸ್ತಕ ತೆರೆದರೆ, ಬಲಗಡೆಯ ನನ್ನ ಪುಟಗಳು ಅಂಗಡಿಯಿಂದ ತಂದ ಹಾಗೆ ಶುಭ್ರ. ಎಡಗಡೆಯ ತುಂಬ ಪೆನ್ಸಿಲ್ಲು. ಎಲ್ಲಿ ನಾನು ಓಡುತ್ತೇನೆ, ಎಲ್ಲಿ ನಿಧಾನಿಸುತ್ತೇನೆ ಎಂಬುದನ್ನೆಲ್ಲ ಗುರುತು ಹಾಕಿದ್ದರು. ನಾನು ಕೈ ತೆಗೆದು ಸುಮ್ಮನಿರಬೇಕಾದ ಆ ಜಾಗದಲ್ಲಿ ಕನ್ನಡದ ಅಂಕಿಗಳು, ಒಂದರಿಂದ ಆರು. ಪ್ರ್ಯಾಕ್ಟೀಸ್ ಆಗದವರ ಪುಟ ಹಾಗಿರುವುದಿಲ್ಲ.

ಎಡಗಡೆಯ ಪುಟ ಕಲಿಯಲು ಕೂತೆ. ಒಂದು ತಿಂಗಳು ಹಿಡಿಯಿತು. ಧುಂ ಧುಂ ಎಂದು ನಾನು ಹಗುರವಾಗಿ ಆಡಿಕೊಂಡಿದ್ದ ಕೆಲಸ ನನಗೆ ಬರುತ್ತಿರಲಿಲ್ಲ; ಮೇಲಿನ ಹಾಡಿಲ್ಲದೆ ಅದಕ್ಕೆ ಅರ್ಥವೂ ಹುಟ್ಟುತ್ತಿರಲಿಲ್ಲ. ಆ ಯುಗಾದಿಯಂದು ಮೇಘಾ ಫೋನಿನಲ್ಲಿ ತೆಗೆದಿದ್ದ ವಿಡಿಯೋ ಕಳಿಸೆಂದು ಕೇಳಿದೆ. ಅದರ ಮೇಲಿನ ಪಾಲಿಗೆ ಜೊತೆಯಾಗಿ ನುಡಿಸೋಣವೆಂದು. “ಆರ್ ಯೂ ಶ್ಯೂರ್, ಕಾಕು?” ಎಂದು ಈ ಚಿಕ್ಕಮ್ಮನನ್ನು ಕೇಳಿ ಕಳಿಸಿದಳು.

ಆ ಜಾಗ ಬಂತು. ಅಕ್ಕ ಒಬ್ಬರೇ ನುಡಿಸುತ್ತಿದ್ದಾರೆ. ನಾನು ಅವರ ಅಂಕಿಗಳ ಮೇಲೆ ಬೆರಳಿಟ್ಟು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಹಾಡು ಶುರುವಾಗಿಬಿಟ್ಟಿತು. ಹಿಂದಕ್ಕೆ ಎಳೆದು ಮತ್ತೆ ನೋಡಿದೆ. ಐದೇ. ಆರನೆಯದು ಶುರುವಾಗುವ ಮೊದಲೇ, ಹೋಳಿಗೆ ಕ್ಯೂ ನೋಡಿಯೋ, ಚಪ್ಪಾಳೆಯ ಆತುರಕ್ಕೋ ನುಗ್ಗಿದವಳು ನಾನು. ಅಕ್ಕ ಸರಿಯಾದ ಜಾಗದಲ್ಲೇ ಇದ್ದರು.

ಭಾವನವರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅಕೀಗೆ ಅವತ್ತ ಗೊತ್ತಿತ್ತವಾ” ಅಂದರು. “ಕಾರಿನಾಗ ಹೇಳಿದ್ಲು. ಹಾಡೋರು ತಪ್ಪಿದ್ರ ಸಾಥಿದಾರರು ಅಲ್ಲೇ ಹೋಗಿ ಕೂಡಬೇಕು ಅಂತಿದ್ದ ನಮ್ಮಪ್ಪ. ನಾ ಲೆಕ್ಕಾ ಹಿಡಕೊಂಡ ಕೂತೆ, ತಪ್ಪು ನಂದ ಅಂದ್ಲು.”

“ನನಗೆ ಯಾಕೆ ಹೇಳಲಿಲ್ಲ ನೀವು?”

“ಹೇಳಬ್ಯಾಡ್ರಿ ಅಂದಿದ್ಲು. ಅಂಜಿ ನುಡಸೋದ ಬಿಟ್ಟಗಿಟ್ಟಾಳು ಅಂತ.”

ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು ಬಂದು ಬೆಂಚಿನ ಎಡತುದಿಗೆ ಕೂತು ವಿಡಿಯೋವನ್ನು ಮೊದಲಿನಿಂದ ಹಾಕಿದೆ. ಅಕ್ಕನ ಜೊತೆ ಅಕ್ಕನ ಪಾಲನ್ನೇ ನುಡಿಸುತ್ತಾ ಹೋದೆ. ಐದು ಎಣಿಸಿ, ಆರನೆಯದನ್ನು ಬಿಟ್ಟು, ತಪ್ಪಿದವಳಿದ್ದಲ್ಲಿಗೆ ಹೋಗಿ ಕೂಡಿಕೊಂಡೆ. ಪರದೆಯ ಮೇಲೆ ಅಕ್ಕ ಕೈಗಳನ್ನು ಮಡಿಲಿಗೆ ಇಳಿಸಿದರು. ಕೆಳಗಿನ ಧ್ವನಿ ಮಾತ್ರ ನಿಲ್ಲಲಿಲ್ಲ. ಕೊನೆಯವರೆಗೂ ಹಾಡಿನ ಜೊತೆ ನಡೆಯಿತು.

ನನ್ನಿಂದ ಅದು ಸಾಧ್ಯವಾದದ್ದು ಐದಕ್ಕೇ ಬರುತ್ತಾಳೆಂದು ಮೊದಲೇ ಗೊತ್ತಿದ್ದದ್ದರಿಂದ. ಅಕ್ಕನಿಗೆ ಗೊತ್ತಿರಲಿಲ್ಲ. ಅವರ ತಂದೆಯ ನಿಯಮ ದೊಡ್ಡದಿರಬಹುದು. ಆದರೆ ತಪ್ಪು ಅವರದಲ್ಲ, ನನ್ನದು. ಅವರಿಗೆ ಹೇಳಬೇಕಾಗಿದ್ದ ಮಾತು ಇದು. ಅವರಿಲ್ಲ, ನಿಮಗೆ ಹೇಳುತ್ತಿದ್ದೇನೆ.