ನೀರಿನ ಮೇಲೆ ಮಲಗುತ್ತಿದ್ದ ಅಪ್ಪ

ನಮ್ಮ ಅಪ್ಪ ನೀರಿನ ಮೇಲೆ ಹೆಣದ ಹಾಗೆ ತೇಲುತ್ತಿದ್ದರು. ಕೈಕಾಲು ಚೆಲ್ಲಿ, ಹೊಟ್ಟೆ ಮೇಲೆ ಮಾಡಿ, ಕಣ್ಣು ಮುಚ್ಚಿ. ಶಿವಾರಪಟ್ಟಣದಲ್ಲಿ ಅವರು ವಿಗ್ರಹ ಕೆತ್ತುವ ಆಚಾರಿ. ನಮ್ಮೂರ ಕೆರೆಯಲ್ಲಿ ಮೊದಲ ಸಲ ಹಾಗೆ ಮಲಗಿದ ಬೆಳಿಗ್ಗೆ, ಎಮ್ಮೆ ಮೇಯಿಸುತ್ತಿದ್ದ ರಾಮಪ್ಪ "ಆಚಾರಿ ಪೋಯಿನಾಡ್ರೋ!" ಎಂದು, ಆಚಾರಿ ಸತ್ತೇಹೋದರೆಂದು ತೆಲುಗಿನಲ್ಲಿ ಕೂಗುತ್ತ ಊರೊಳಗೆ ಓಡಿದ. ಜನ ಹಗ್ಗ, ಚಾಪೆ ಹಿಡಿದು ಬಂದರು. ಅಮ್ಮ ಚಿಕ್ಕಂದಿನ ಜ್ವರದಲ್ಲಿ ಸೊರಗಿದ ಕಾಲನ್ನು ಎಳೆದುಕೊಂಡು ಕೆರೆ ಏರಿ ಹತ್ತಿದಳು. ಗದ್ದಲಕ್ಕೆ ಅಪ್ಪ ಕಣ್ಣು ಬಿಟ್ಟು, "ಏನ್ರೋ, ಯಾರು ಸತ್ರು?" ಎಂದರು. ಆ ವಾರವೆಲ್ಲ ಅಮ್ಮ ಅವರಿಗೆ ಅನ್ನ ಬಡಿಸಿದಳೇ ಹೊರತು ಮಾತಾಡಲಿಲ್ಲ. ಊರವರು ಇದನ್ನು ಈಗಲೂ ನೆನೆದು ನಗುತ್ತಾರೆ. ನನಗೆ ನಗುವೂ ಬರುವುದಿಲ್ಲ, ಅಳುವೂ ಬರುವುದಿಲ್ಲ.

ಅಪ್ಪ ಈ ವಿದ್ಯೆ ಕಲಿತದ್ದು ಟ್ರಿನಿಡಾಡಿನಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಯಾವ ಕಾಲದಲ್ಲೋ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿದವರ ಮೊಮ್ಮಕ್ಕಳು ಆ ದ್ವೀಪದಲ್ಲೊಂದು ಗುಡಿ ಕಟ್ಟಿ, ಅಪ್ಪನ ಕೈಯಲ್ಲಿ ದುರ್ಗಿಯನ್ನು ಕೆತ್ತಿಸಿದ್ದರು. ಪ್ರತಿಷ್ಠೆಯ ದಿನ ವಿಗ್ರಹದ ಕಣ್ಣು ತೆರೆಸುವುದಕ್ಕೆ ಶಿಲ್ಪಿಯೇ ಬೇಕೆಂದು ಕರೆಸಿಕೊಂಡರು. ಕೆಲಸ ಮುಗಿದ ಮೇಲೆ ಊರು ತೋರಿಸಿದರು. ಅದುವರೆಗೆ ಅಪ್ಪ ಕಂಡಿದ್ದ ಪರಸ್ಥಳವೆಂದರೆ ಮುಳಬಾಗಿಲು.

"ಅಲ್ಲಿಗೆ ಬರೋರಿಗೆ ಒಬ್ಬೊಬ್ರಿಗೂ ಒಂದೊಂದು ಹುಚ್ಚು ಕಣಮ್ಮ," ಎನ್ನುತ್ತಿದ್ದರು ನನಗೆ. "ಒಬ್ಬ ಸಂಜೆ ದೋಣೀಲಿ ಕೂತು ಕೆಂಪು ಹಕ್ಕಿ ಮರಕ್ಕೆ ಬರೋದು ನೋಡ್ತಾನೆ. ಇನ್ನೊಬ್ಬ ಕಣ್ಣಿಗೆ ಗಾಜು ಕಟ್ಕೊಂಡು ಮೀನು ನೋಡಕ್ಕೆ ಮುಳುಗ್ತಾನೆ. ಎಣ್ಣೆ ಪೀಪಾಯೀನೇ ವಾದ್ಯ ಮಾಡ್ಕೊಂಡು ಬಡಿಯೋದು ಕಲಿಯಕ್ಕೇ ಒಂದು ಗುಂಪು. ಆಮೆ ಮೊಟ್ಟೆ ಇಡೋದು ನೋಡಕ್ಕೂ ವಿಮಾನ ಹತ್ತಿ ಬರ್ತಾರೆ!"

"ನಮ್ಮ ಕೋಳಿ ದಿನಾ ಇಡ್ತದೆ, ಒಬ್ಬನೂ ಬರಲ್ಲ," ಎಂದು ಅಮ್ಮ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಇವೆಲ್ಲ ಊರಿಗೆ ಹೇಳುವ ಕಥೆಗಳು. ಅಮ್ಮನಿಗೆ ಹೇಳುತ್ತಿದ್ದದ್ದು ಒಂದೇ. ನಡೆಯಲಾಗದ ಮುದುಕಿಯೊಬ್ಬಳನ್ನು ಗಾಲಿಕುರ್ಚಿಯಲ್ಲಿ ಕಡಲವರೆಗೆ ತಂದು, ಬೆನ್ನಿಗೆ ಅಂಗೈ ಕೊಟ್ಟು ತೇಲಿಸುವುದನ್ನು ಅಪ್ಪ ನೋಡಿದ್ದರು. ಅದನ್ನೇ ಕಸುಬು ಮಾಡಿಕೊಂಡವರು ಅಲ್ಲಿದ್ದರಂತೆ. ಅವರಿಗೆ ಗಂಟುಬಿದ್ದು ತಾವೂ ಕಲಿತರು.

"ನೀರಿಗೆ ಕಾಲು ಬ್ಯಾಡ ಕಣೇ. ಒಂದು ಸಲ ಮಲಗಿ ನೋಡು. ಸಮುದ್ರದಷ್ಟು ಎತ್ತಲ್ಲ ನಮ್ಮ ಕೆರೆ, ಆದ್ರೂ ಎತ್ತುತ್ತೆ."

"ಈ ವಯಸ್ನಲ್ಲಿ ನನ್ನ ಮಾನ ಕಳೀಬೇಡಿ," ಎನ್ನುತ್ತಿದ್ದಳು ಅಮ್ಮ. ವರ್ಷಗಳು ಹೀಗೇ ಹೋದವು. ಅಪ್ಪನಿಗೆ ಬೇರೆ ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಎಂಬತ್ತರ ದಶಕದ ನಡುವೆ ಕೆಮ್ಮು ಹಿಡಿಯಿತು. ಕಲ್ಲಿನ ಪುಡಿ ಎದೆಯಲ್ಲಿ ಕೂತಿದೆ, ಕೆರೆಗಿರೆಗೆ ಇಳಿಯಬಾರದು ಎಂದರು ಕೋಲಾರದ ಡಾಕ್ಟರು. ಬಸ್ಸಿಳಿದು ಮನೆಗೆ ಬಂದ ಮೇಲೆ ಅಮ್ಮ ತಾನಾಗಿಯೇ, "ನಾಳೆ ಕೆರೆಗೆ ಹೋಗಣ," ಎಂದಳು.

ಅಪ್ಪ ಕಂಬಳಿ ಹೊದ್ದು ದಡದಲ್ಲಿ ಕೂತರು. ಅಮ್ಮನ ಬೆನ್ನಿಗೆ ಅಂಗೈ ಕೊಟ್ಟವಳು ನಾನು.

"ತಲೆ ಹಿಂದಕ್ಕೆ ಬಿಡು. ಕತ್ತು ಸಡಿಲ ಮಾಡು. ಹಾಂ, ಈಗ ಕೈ ತೆಗಿಯಮ್ಮ," ಎಂದರು ಅಪ್ಪ.

ತೆಗೆದೆ. ಅಮ್ಮ ತೇಲಿದಳು. ಸೊರಗಿದ ಕಾಲೂ ಮೇಲೆ ಬಂತು. ಅವಳ ಮುಖ ನೋಡಿ ನನಗೆ ಸಂತೋಷವಾಯಿತು. ಅದೇ ಹೊತ್ತಿಗೆ ಅಪ್ಪನಿಗೆ ಕೆಮ್ಮು ಒತ್ತರಿಸಿ ಬಂದು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಬಿಟ್ಟರು. ಅವರು ತಲೆ ಎತ್ತುವಷ್ಟರಲ್ಲಿ ಅಮ್ಮ ನನ್ನ ಭುಜ ಹಿಡಿದು ನಿಂತಿದ್ದಳು.

"ತೇಲಿದ್ಯಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನನ್ನ ಭುಜ ಗಟ್ಟಿಯಾಗಿ ಒತ್ತಿದಳು. "ಇಲ್ಲ ಕಣ್ರೀ, ಭಯ ಆಯ್ತು. ವಾಸಿ ಮಾಡ್ಕೊಂಡು ನೀವೇ ಇಳೀರಿ. ನಿಮ್ಮ ಕೈ ಆದ್ರೆ ತೇಲ್ತೀನಿ."

"ಆಗ್ಲಿ, ಮುಂದಿನ್ ಸಲ," ಎಂದರು ಅಪ್ಪ. ಅಂದಿನಿಂದ ಹಟ ಮಾಡದೆ ಮಾತ್ರೆ ನುಂಗಿದರು.

ಶಿವರಾತ್ರಿಗೆ ಮುಂಚೆ ಅಪ್ಪ ಹೋದರು. ನಾನು ಬಂದವರ ಚಪ್ಪಲಿಗಳನ್ನು ಒಂದು ಕಡೆ ಜೋಡಿಸುತ್ತ ನಿಂತಿದ್ದೆ. ಇನ್ನೇನು ಎತ್ತಬೇಕು ಎನ್ನುವಾಗ ಅಮ್ಮ ತೆವಳಿಕೊಂಡು ಹೋಗಿ ಅಪ್ಪನ ಕಿವಿಯ ಹತ್ತಿರ ಬಾಗಿದಳು.

"ಅವತ್ತು ತೇಲಿದ್ದೆ ಕಣ್ರೀ," ಎಂದಳು.