ಗೇಟು ದಾಟಿದ ವೆಂಡೆಲ್

ವೆಂಡೆಲ್ ಪ್ರೂಯಿಟ್ ಓಕ್ಲೆಂಡಿನ ಬಂದರಿನಲ್ಲಿ ಸರಕು ಇಳಿಸುತ್ತಿದ್ದವನ ಮಗ. ಅಮೆರಿಕನ್ ಫುಟ್‌ಬಾಲಿನಲ್ಲಿ ಅವನು ಲೈನ್‌ಬ್ಯಾಕರ್. ಚೆಂಡು ಹಿಡಿದು ನುಗ್ಗಿ ಬರುವವನನ್ನು ಅಡ್ಡಗಟ್ಟಿ ಕೆಡವುವುದೇ ಅವನ ಕೆಲಸ. ದೊಡ್ಡ ತಂಡವೊಂದು ಪ್ರತಿ ಬೇಸಿಗೆಯಲ್ಲೂ ಅವನನ್ನು ಕರೆಸಿ, ಆಡಿಸಿ ನೋಡಿ, ಬೇಡವೆಂದು ವಾಪಸು ಕಳಿಸುತ್ತಿತ್ತು. ಹೊಟ್ಟೆಪಾಡಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗೋದಾಮೊಂದರಲ್ಲಿ ಪೆಟ್ಟಿಗೆ ಹೊರುತ್ತಿದ್ದ.

೧೯೮೭ರಲ್ಲಿ ಆಟಗಾರರೆಲ್ಲ ಮುಷ್ಕರ ಹೂಡಿದಾಗ ಅದೇ ತಂಡದಿಂದ ಫೋನು ಬಂತು. ಮುಷ್ಕರದವರ ಬದಲಿಗೆ ಆಡಬೇಕಂತೆ.

ಅಪ್ಪ ರೂಫಸ್ ಜೀವಮಾನವಿಡೀ ಯೂನಿಯನ್ನಿನ ಮನುಷ್ಯ. "ಮುಷ್ಕರ ಮುರಿದವನಿಗೆ ನಾನು ಒಂದು ಲೋಟ ನೀರೂ ಕೊಟ್ಟವನಲ್ಲ," ಎಂದ.

"ಈಗ ಹೋಗದಿದ್ದರೆ ಇನ್ನು ಯಾರೂ ನನ್ನ ಕರೆಯೋದಿಲ್ಲ, ಅಪ್ಪಾ."

"ಅದೂ ನಿಜವೇ," ಎಂದು ಅಪ್ಪ ತಲೆ ತಗ್ಗಿಸಿದ. ಬೈದಿದ್ದರೆ ವೆಂಡೆಲ್‌ಗೆ ಎಷ್ಟೋ ಹಗುರಾಗುತ್ತಿತ್ತು.

ಅವನು ಹೋದ. ಮೈದಾನದ ಗೇಟಿನಲ್ಲಿ ಮುಷ್ಕರದವರು ಬದಲಿ ಆಟಗಾರರ ಬಸ್ಸನ್ನು ಸುತ್ತುವರಿದು ಕಿಟಕಿ ಗುದ್ದಿದರು, ಮೊಟ್ಟೆ ಎಸೆದರು. ಬೇಸಿಗೆಯಲ್ಲಿ ಅವನಿಗೆ ಪಟ್ಟು ಹೇಳಿಕೊಟ್ಟಿದ್ದ ಹಿರಿಯ ಆಟಗಾರ ಮಾತ್ರ ಸುಮ್ಮನೆ ನಿಂತು ನೋಡುತ್ತಿದ್ದ. ಬಸ್ಸು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ವೆಂಡೆಲ್ ಮೊಣಕಾಲುಗಳ ನಡುವೆ ಮುಖ ಹುದುಗಿಸಿ ಕುಳಿತ.

ಆಟವನ್ನೇನೋ ಚೆನ್ನಾಗಿಯೇ ಆಡಿದ. ಎದುರಾಳಿಯನ್ನು ಕೆಡವಿ ಎದ್ದಾಗ ಚಪ್ಪಾಳೆಯೂ ಕೇಳಿಸಿತು, ಧಿಕ್ಕಾರವೂ ಕೇಳಿಸಿತು. ಕೆಲವೇ ವಾರಗಳಲ್ಲಿ ಮುಷ್ಕರ ಮುಗಿದು, ಬದಲಿಯವರೆಲ್ಲ ಮನೆಗೆ ಹೋದರು. ಗೋದಾಮಿನ ಜೊತೆಗಾರರು ಊಟಕ್ಕೆ ಅವನ ಪಕ್ಕ ಕೂರುವುದನ್ನು ಬಿಟ್ಟರು.

ಅಪ್ಪ ಮಾತ್ರ ಭಾನುವಾರ ತಪ್ಪದೆ ಮಗನ ಮನೆಗೆ ಬರುತ್ತಿದ್ದ. ಟಿವಿಯಲ್ಲಿ ಆಟ ಶುರುವಾದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ. ವೆಂಡೆಲ್ ಟಿವಿ ಆರಿಸಿ ಅವನ ಹಿಂದೆಯೇ ಹೋಗುತ್ತಿದ್ದ.